ಇಪ್ಪತ್ತೇಳನೆಯ ತಲೆ

ಮಾಲ್ದಾರೆಯ ಶಾಲೆಯಲ್ಲಿ ನಮಗೆ ಬಿಟ್ಟುಕೊಟ್ಟದ್ದು
ಬಿಸಿಯೂಟದ ಅಕ್ಕಿ ಇಡುವ ಕೋಣೆ.
ಮೂಟೆಗಳ ನಡುವೆ ಒಂದು ಕುರ್ಚಿ, ಲ್ಯಾಪ್‌ಟಾಪು,
ಮೂವತ್ತೆರಡು ತಂತಿಗಳ ಟೊಪ್ಪಿ.
ಫ್ಯಾನ್ ಹಾಕಬೇಡಿ, ಗೆರೆಗಳು ನಡುಗುತ್ತವೆ ಎಂದೆ.
ಬೋಜಮ್ಮ ಟೀಚರು ನಕ್ಕರು:
ಫ್ಯಾನೇ ಇಲ್ಲವಲ್ಲ.

ಎಣ್ಣೆ ಹಚ್ಚದೆ ಕಳಿಸಿ ಎಂದು ಹಿಂದಿನ ದಿನವೇ ಹೇಳಿದ್ದೆವು.
ಅಮ್ಮಂದಿರು ಕೇಳಲಿಲ್ಲ.
ಊರಿಗೆ ದೊಡ್ಡವರು ಬಂದಾಗ
ಮಕ್ಕಳನ್ನು ಒಣ ತಲೆಯಲ್ಲಿ ಕಳಿಸುವುದುಂಟೇ?
ಶ್ಯಾಂಪೂ ಪೊಟ್ಟಣ, ನಲ್ಲಿಯ ತಣ್ಣೀರು,
ಒಂದೊಂದೇ ತಲೆ ತೊಳೆದು, ಒರೆಸಿ, ಸಿಕ್ಕು ಬಿಡಿಸಿ,
ಬೈತಲೆಯ ಇಕ್ಕೆಲಕ್ಕೂ ಅಂಟು ಸವರಿ,
ಸಂಶೋಧನೆಯ ಬಹುಪಾಲು ಇದೇ.
ವರದಿಯಲ್ಲಿ ಇದು ಬರುವುದಿಲ್ಲ.

ಹೆಸರು ಬರೆಯಕೂಡದು, ನಿಯಮ.
ಹಾಗಾಗಿ ಇವಳು ಇಪ್ಪತ್ತೇಳು.
ಲೈನ್‌ಮನೆಯ ಹುಡುಗಿ, ಒಂಬತ್ತನೇ ತರಗತಿ,
ಮುಂಗೈಯಲ್ಲಿ ನೀಲಿ ಪೆನ್ನಿನ ಗಡಿಯಾರ,
ಅದರಲ್ಲಿ ಯಾವಾಗಲೂ ಹತ್ತು ಹತ್ತು.

ಪ್ರಶ್ನೆ ಹದಿನಾಲ್ಕು:
ರಾತ್ರಿ ನಿದ್ದೆಯಿಂದೆದ್ದು ಫೋನ್ ನೋಡುತ್ತೀಯಾ?
“ನೋಡ್ತೇನೆ.”
ಎಷ್ಟು ಸಲ?
“ಮೂರು. ನಾಲ್ಕು. ಬೆಳದಿಂಗಳಿದ್ದರೆ ಕಡಿಮೆ.”
ಫೋನು ಹತ್ತಿರ ಇಲ್ಲದಿದ್ದರೆ ಭಯವಾಗುತ್ತದಾ?
“ತುಂಬಾ.”
ಕೂಡಿಸಿದೆ. ಅಂಕ ಕೆಂಪು ಗೆರೆ ದಾಟಿತ್ತು.
ತೀವ್ರ ಅವಲಂಬನೆ ಎಂದು ಬರೆಯುವಷ್ಟರಲ್ಲಿ
ಅವಳ ಮಾತಿನ್ನೂ ಮುಗಿದಿರಲಿಲ್ಲ:
“ಅಮ್ಮ ಬೆಳಕು ಹರಿಯೋ ಮೊದಲೇ ತೋಟಕ್ಕೆ ಹೊರಡ್ತಾರೆ.
ಆನೆ ಎಲ್ಲುಂಟು ಅಂತ ಗುಂಪಲ್ಲಿ ಹಾಕ್ತಾರೆ, ಮೇಡಂ.
ಅಮ್ಮನಿಗೆ ಓದಲಿಕ್ಕೆ ಬರೋದಿಲ್ಲ.”

ಒಂಟಿ ಸಲಗ, ಕೆರೆ ಏರಿ, ಎರಡು ನಲವತ್ತು.
ಮರಿ ಜೊತೆಗಿದೆ, ಗೇಟಿನ ಕಡೆ ಬರಬೇಡಿ.

“ಸುಳ್ಳು ಯಾಕೆ, ರೀಲ್ಸೂ ನೋಡ್ತೇನೆ.
ಒಂದ್ಸಲ ಎದ್ದ ಮೇಲೆ ನಿದ್ದೆ ಎಲ್ಲಿ?”

ನಮ್ಮ ಪ್ರಶ್ನಾವಳಿಯಲ್ಲಿ ಆನೆಗೊಂದು ಚೌಕವಿಲ್ಲ.
ಅಂಚಿನಲ್ಲಿ ಬರೆದುಕೊಂಡೆ.
ಅಂಚನ್ನು ಯಂತ್ರ ಓದುವುದಿಲ್ಲ.

ತಲೆಯೊಳಗೆ ಏನು ಕಾಣ್ತದೆ ಎಂದಳು.
ಹೇಳಿದೆ, ನನಗೆ ತಿಳಿದಷ್ಟು:
ಈ ವಯಸ್ಸಲ್ಲಿ ಮಿದುಳು ಬೇಡದ ಕೊಂಬೆಗಳನ್ನು
ತಾನೇ ಸವರಿಕೊಳ್ಳುತ್ತದೆ;
ದಿನವೂ ಬಳಸಿದ್ದು ಉಳಿಯುತ್ತದೆ, ಬಳಸದ್ದು ಹೋಗುತ್ತದೆ.
“ಕಪಾತಾ?”
ನೆಟ್ಟಗೆ ಕೂತಳು. ತಂತಿಗಳು ಅಲುಗಿ
ಪರದೆಯ ತುಂಬ ಬಿರುಗಾಳಿ.
“ಹಾಗಾದ್ರೆ ಅಲ್ಲಿ ಮೇಸ್ತ್ರಿ ಯಾರು?
ಕಂಬಚಿಗುರು ಯಾವುದು, ಬರೋ ವರ್ಷ ಕಾಯಿ ಹಿಡಿಯೋ ರೆಕ್ಕೆ ಯಾವುದು
ಅಂತ ಗೊತ್ತಿರಬೇಕು ಅಂತಾರೆ ಅಮ್ಮ.
ಹೊಸಬರ ಕೈಗೆ ಕತ್ತರಿ ಕೊಟ್ರೆ ಗಿಡ ಬೋಳು.”

ಐದು ವರ್ಷದ ಅನುದಾನ, ನಾನೂರು ತಲೆ.
ನಾವು ಕೇಳಹೊರಟದ್ದೂ ಇದನ್ನೇ,
ಇಷ್ಟು ಚಿಕ್ಕದಾಗಿ ಕೇಳಲು ಬಂದಿರಲಿಲ್ಲ.

ಈಗ ಕಣ್ಣು ಮುಚ್ಚು, ಮೂರು ನಿಮಿಷ.
ಮುಚ್ಚಿದಳು. ಗೆರೆಗಳು ತಿಳಿಯಾದವು,
ಸೆಕೆಂಡಿಗೆ ಹತ್ತರಂತೆ ಏಳುತ್ತ ಬೀಳುತ್ತ
ಅಲೆಗಳು ದಡ ಹುಡುಕುತ್ತಿದ್ದವು.
ಅಷ್ಟರಲ್ಲಿ ಅಕ್ಕಿಮೂಟೆಯ ಮೇಲೆ ಏನೋ ಗುರ್ರೆಂದಿತು.
ನನ್ನ ಕೈ ನನ್ನನ್ನು ಕೇಳದೆ ಆ ಕಡೆ ಹೋಯಿತು.
ಕಣ್ಣು ತೆರೆಯದೆಯೇ ಅವಳೆಂದಳು:
“ನೋಡಿ ಮೇಡಂ, ಪರವಾಗಿಲ್ಲ.
ಆನೆ ಇರಬಹುದು.”

ಆ ಮೂರು ನಿಮಿಷದ ದಾಖಲೆ ಕೆಟ್ಟಿತು.
ಅಳಿಸಲಿಲ್ಲ ನಾನು.

ಸಂಜೆ ನಲ್ಲಿಯ ಬಳಿ ಬಗ್ಗಿ ನಿಂತವಳ ಕೂದಲಿಂದ
ಅಂಟು ತೊಳೆದೆ. ಒಂದಿಷ್ಟು ಕಿವಿಯ ಹಿಂದೆ ಉಳಿಯಿತು.
ಮುಂಗೈ ಗಡಿಯಾರವೂ ಕರಗಿ ಮೊಣಕೈಗೆ ಇಳಿಯಿತು.
ನಾಳೆ ಮತ್ತೆ ಬರೀತೇನೆ ಎಂದಳು.

ಸಿದ್ದಾಪುರದ ಲಾಡ್ಜಿನಲ್ಲಿ ಆ ರಾತ್ರಿ ಎಚ್ಚರವಾಯಿತು.
ಹೂಮಳೆ ಬಿದ್ದು ವಾರ, ಕಾಫಿ ಹೂವಿನ ವಾಸನೆ
ಕಿಟಕಿಯ ಸರಳು ಹಿಡಿದು ನಿಂತಿತ್ತು.
ದಿಂಬಿನಡಿಯಿಂದ ತೆಗೆದು ನೋಡಿದೆ: ಏನೂ ಇಲ್ಲ.
ನನ್ನ ಮಾತು ನಂಬಿ ತೋಟಕ್ಕೆ ಹೊರಡುವವರೂ ಇಲ್ಲ.
ಮತ್ತೂ ಒಮ್ಮೆ ನೋಡಿದೆ.

ದೂರದಲ್ಲಿ ಪಟಾಕಿ ಸಿಡಿಯಿತು.
ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು.
ಈಗ ಅವಳೂ ಎದ್ದಿದ್ದಾಳು.