ಸ್ಟೇಜ್ ಇಲ್ಲದ ಕಡೆ

ಹಸ್ತದ ಮಳೆ ಕೈಕೊಟ್ಟರೆ ಎರಡು ದಿನ ಸಿಗುತ್ತದೆ.
ತುಂಗೆಯ ನೀರು ಕೆಂಪು ಬಿಟ್ಟು
ಹಸಿರಿಗೆ ಹೊರಳುತ್ತಿರುವ ವಾರ.
ಹಳೇ ಕ್ಯಾಲೆಂಡರಿನ ಬೆನ್ನ ಮೇಲೆ
ಕಡಲಿಗೆ ದಾರಿ ಬರೆಯುತ್ತಿದ್ದಾರೆ ಇವರು.

ಕಿಲೋಮೀಟರು ಬರೆಯುವುದಿಲ್ಲ.
ಆಯನೂರಿಗೆ ಇಷ್ಟು, ರಿಪ್ಪನ್‌ಪೇಟೆಗೆ ಇಷ್ಟು,
ಹೊಸನಗರ, ನಗರ, ಮಾಸ್ತಿಕಟ್ಟೆ,
ಮಕ್ಕಳಿಗೆ ಅರ್ಧ.
ಮೇ ತಿಂಗಳಲ್ಲಿ ಚೀಲವನ್ನು ಡಿಪೋಗೆ ಒಪ್ಪಿಸಿ ಬಂದರೂ
ದೂರವನ್ನಿನ್ನೂ ರೂಪಾಯಿಯಲ್ಲೇ ಅಳೆಯುತ್ತಾರೆ.
ಕುಂದಾಪುರದ ಕೆಳಗೆ ‘ಮರವಂತೆ’ ಎಂದು ಬರೆದು
ಎದುರಿನ ಜಾಗ ಖಾಲಿ ಬಿಟ್ಟಿದ್ದಾರೆ.

ಕಾರು ನನ್ನದು.
ಅಂಗನವಾಡಿಯ ಗೌರವಧನದಲ್ಲಿ ಚೀಟಿ ಕಟ್ಟಿ ಎತ್ತಿದ್ದು,
ಗೋಪಾಳದ ಹಲ್ಲಿನ ಡಾಕ್ಟರು ಮಾರಿದ
ಹನ್ನೊಂದು ವರ್ಷದ ಬಿಳಿ ಆಲ್ಟೊ.
ಹಿಂದಿನ ಗಾಜಿನ ಕೆಂಪು ‘ಎಲ್’
ಅರ್ಧ ಕಿತ್ತಿದ್ದೇನೆ, ಇನ್ನರ್ಧ ಉಗುರಿಗೆ ಬಗ್ಗಿಲ್ಲ.
ಓಡಿಸುವವಳು ನಾನೇ ಎಂದು
ಇವರು ಒಪ್ಪಿದ್ದಾರೆ, ಬಾಯಲ್ಲಿ.
ಬಲಗಾಲು ಮಾತ್ರ ಪಕ್ಕದ ಸೀಟಿನಡಿ
ಇಲ್ಲದ ಬ್ರೇಕನ್ನು ಒತ್ತುತ್ತಲೇ ಇರುತ್ತದೆ.

ಹಿಂದಿನ ಸೀಟು ನಫೀಸಾಳದು.
ನನ್ನ ಜೊತೆಗೇ ಕಲಿತವಳು;
ಆರ್‌ಟಿಓ ಮೈದಾನದ ಎಂಟು
ಅವಳಿಗೆ ಎರಡು ಸಲವೂ ಮೂರರಲ್ಲೇ ನಿಂತಿತು.
‘ಚಕ್ಕುಲಿ ನಂದು, ಛತ್ರಿ ನಂದು,
ರಿವರ್ಸ್ ತಗೊಳ್ಳೋವಾಗ ಬರ್ಲಿ ಬರ್ಲಿ ಅನ್ನೋದೂ ನಂದೇ’
ಅಂದಳು.
ಇವರ ಮುಖ ಸಣ್ಣಗಾಯಿತು.
ಮೂವತ್ತೊಂದು ವರ್ಷ
ಆ ಮಾತಿಗೆ ಸಂಬಳ ತಂದವರು.

ಹುಲಿಕಲ್ ಘಾಟಿಯ ತಿರುವುಗಳಿಗೆ
ಇವರಲ್ಲಿ ಬೇರೆಯೇ ಹೆಸರು:
ಲಾರಿ ಮಲಗಿದ್ದು. ಮದುಮಗಳು ವಾಂತಿ ಮಾಡಿದ್ದು.
ಚಿಲ್ಲರೆ ಚೆಲ್ಲಿದ್ದು.
ಚಂಡಿಕಾಂಬೆಯ ಎದುರು ಹಾಕಲು ನಾಣ್ಯ, ಮರೆಯಬಾರದು
(ಈಗ ಯಾರ ಹತ್ತಿರವಿದೆ ನಾಣ್ಯ?).

‘ಸಮುದ್ರ ಹೇಗಿರುತ್ತೆ ಅಲ್ಲಿ?’ ಕೇಳಿದೆ.
ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು.
‘ಸ್ಟ್ಯಾಂಡಲ್ಲಿ ಇಪ್ಪತ್ತು ನಿಮಿಷ.
ಊಟ, ಲೆಕ್ಕ, ಬೋರ್ಡು ತಿರುಗಿಸೋದು.
ವಾಸನೆ ಬರ್ತಿತ್ತು.
ಮೀನಿಂದೋ ಸಮುದ್ರದ್ದೋ, ನೋಡಕ್ಕೆ ಹೋಗ್ಲಿಲ್ಲ.’

ಆಮೇಲೆ, ಯಾರೂ ಕೇಳದೆ:
‘ಒಂದ್ಸಲ ಮಾಸ್ತಿಕಟ್ಟೆ ದಾಟಿದ ಮೇಲೆ
ಒಬ್ಬ ಹುಡುಗಿ ನಿಲ್ಸಿ ಅಂದ್ಲು.
ಯಾಕಮ್ಮ ಅಂದೆ. ಸುಮ್ನೆ, ಕೆಳಗೆ ಕಾಣ್ತಿದೆಯಲ್ಲ, ಅಂದ್ಲು.
ಇಲ್ಲಿ ಸ್ಟೇಜ್ ಇಲ್ಲ ಅಂತ ರೈಟ್ ಹೇಳ್ದೆ.
ಕುಂದಾಪುರದ ತನಕ ಮಾತಾಡ್ಲಿಲ್ಲ ಪಾಪ.
ಏನ್ ಕಾಣ್ತಿತ್ತೋ.
ನಾನು ಆ ಕಡೆಗೆ ಬೆನ್ನು ಹಾಕಿ ನಿಂತಿದ್ದೆ,
ಎರಡು ಟಿಕೆಟ್ ತಾಳೆ ಆಗ್ತಿರ್ಲಿಲ್ಲ.’

ಪೆನ್ನು ಕಸಿದುಕೊಂಡೆ.
ಮಾಸ್ತಿಕಟ್ಟೆಗೂ ಹೊಸಂಗಡಿಗೂ ನಡುವೆ
ಗೆರೆ ಸಾಲದೆ, ಅಡ್ಡಡ್ಡ ಬರೆದೆ:
ಇಲ್ಲೆಲ್ಲೋ ಇಳಿಯುವುದು.

ಸಂಜೆಯ ಪೇಪರಿನಲ್ಲಿ ಸುದ್ದಿ:
ಘಾಟಿಯಲ್ಲಿ ಧರೆ ಜರಿದು ಭಾರಿ ವಾಹನ ಬಂದ್,
ಲಘು ವಾಹನಕ್ಕೆ ಅಡ್ಡಿಯಿಲ್ಲ.
‘ನಾವು ಲಘುವೇನೇ?’ ನಫೀಸಾ ಫೋನಿನಲ್ಲಿ ನಕ್ಕಳು.
ಇವರು ನಗಲಿಲ್ಲ.
ನಾಗೋಡಿ ಕಡೆಯಿಂದ ಇಳಿಯಬಹುದೇ ಎಂದು
ಇನ್ನೊಂದು ತಿಂಗಳ ಬೆನ್ನು ಹುಡುಕಿದರು.

ನನ್ನ ಹೆದರಿಕೆ ಬೇರೆ.
ಇಳಿಯಲು ಯಾರಾದರೂ ಇಳಿದಾರು;
ವಾಪಸು ಬರುವಾಗ, ಅರ್ಧ ಏರಿನಲ್ಲಿ,
ಮುಂದೆ ಬಸ್ಸು ನಿಂತರೆ?

ಅದಕ್ಕೇ ಬೆಳಗಿನ ಐದೂವರೆಗೆ
ವಿದ್ಯಾನಗರದ ಮೇಲ್ಸೇತುವೆ.
ಏರಿನ ನಡುವೆ ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಎಳೆದೆ.
ಕೆಳಗೆ ರೈಲಿನ ಹಳಿಗಳ ಮೇಲೆ ತೆಳ್ಳಗೆ ಮಂಜು.
ಕ್ಲಚ್ಚಿನ ಮೇಲೆ ಪಾದ ನಡುಗುತ್ತಿತ್ತು.
ಇವರು ಬುದ್ಧಿ ಹೇಳಲಿಲ್ಲ.
ಗಾಜು ಇಳಿಸಿ, ತಲೆ ಹೊರಗೆ ಹಾಕಿ,
ಒಂದು ನಾಯಿಯೂ ಇಲ್ಲದ ರಸ್ತೆಯನ್ನು
ಉದ್ದಕ್ಕೂ ನೋಡಿ
ಬಾಗಿಲಿಗೆ ಎರಡು ಸಲ ಬಡಿದರು.

ರೈಟ್.

ಇಂಜಿನ್ ಆಫ್ ಆಯಿತು.
ಮತ್ತೆ ಬಡಿದರು.