ಹೇಳಿಕೆ

ಹೌದು ಸಾರ್, ಇದು ನನ್ನ ಕೈಯದೇ.
ಬೆನ್ನ ಮೇಲೆ ಮೂರು ಚುಕ್ಕಿ ನೋಡಿ, ಅಪ್ಪನ ಕಾಲದ ಗುರುತು.
ನೀವು ಕಟ್ಟಿದ ಚೀಟಿ ಸ್ವಲ್ಪ ಸರಿಸಿ…
ಹಾಂ. ಅದೇ.

ಬರೆದುಕೊಳ್ಳಿ. ಮೋನಪ್ಪಾಚಾರ್, ಅರವತ್ತೆರಡು,
ಭದ್ರಾವತಿ ಹಳೇನಗರದಲ್ಲಿ ಕುಲುಮೆ.
ಹಲಸು ಸಿಗಿಯಲಿಕ್ಕೆ ಒಂದು ಅಲಗು, ಬಿದಿರಿಗೆ ಒಂದು,
ಮಟನ್ ಅಂಗಡಿಯ ಕತ್ತಿಗೆ ಬೇರೆಯೇ ತೂಕ.
ಯಾರೇ ಬರಲಿ, ನಾನು ಮೊದಲು ಕೇಳುವುದು
ಏನು ಕಡಿಯಲಿಕ್ಕೆ?

ಹುಡುಗ ಬಾಯಿ ಬಿಡಲಿಲ್ಲ, ಮೊಬೈಲು ಹಿಡಿದ.
ಅದರೊಳಗೆ ಮಳೆ, ಹೊಗೆ, ಗಡ್ಡದವನೊಬ್ಬ,
ಕೈಯಲ್ಲಿ ಎರಡೂವರೆ ಅಡಿ ಹೊಳಪು.
"ಡಿಟ್ಟೋ ಹೀಗೇ ಬೇಕು."
ಇದು ಸುಳ್ಳು ಆಕಾರ ಮಗಾ ಅಂದೆ,
ತುದಿ ಭಾರ, ಮಣಿಕಟ್ಟು ತಿರುಚುತ್ತೆ,
ಹಿಡಿಗೂ ಅಲಗಿಗೂ ನಡುವೆ ಒಂದು ತಡೆ ಬೇಕು,
ಇಲ್ಲದಿದ್ದರೆ ಒದ್ದೆ ಕೈ ಜಾರಿ ಅಲಗಿಗೇ ಬರುತ್ತೆ.
"ಅಣ್ಣನ ಹತ್ರ ಇರೋದ್ರಲ್ಲಿ ಇಲ್ಲ."
ಯಾವ ಅಣ್ಣ ಅಂದರೆ ಮತ್ತೆ ಮೊಬೈಲು ತೋರಿಸಿದ.
ಬರ್ತ್‌ಡೇಗಂತೆ. ಕೇಕು ಕತ್ತರಿಸಲಿಕ್ಕಂತೆ.
ನಂಬಿದೆಯಾ ಅಂತ ಕೇಳುತ್ತೀರಿ.
ಸಾವಿರದಿನ್ನೂರು ಎಣಿಸಿಕೊಂಡೆ. ಅಷ್ಟು ಬರೆಯಿರಿ.

ತೀರಿಕೊಂಡವನೂ ಗೊತ್ತು, ಕೀರ್ತಿರಾಜ.
ಎಗ್‌ರೈಸ್ ಗಾಡಿಯ ಚಾಕು ಮಸೆಯಲಿಕ್ಕೆ ನನ್ನಲ್ಲಿಗೇ ಬರುತ್ತಿದ್ದ.
ಗುರಾಯಿಸಿದ ಅಂತಲಂತೆ ಜಗಳ.
ಅವನ ಕಣ್ಣೇ ಹಾಗೆ ಸಾರ್, ಮೆಳ್ಳೆ.
ನನ್ನನ್ನು ನೋಡುವಾಗಲೂ ತಿದಿಯನ್ನು ನೋಡಿದಂತಿರುತ್ತಿತ್ತು.

ಹುಡುಗನನ್ನು ಮೆಗ್ಗಾನ್ ಆಸ್ಪತ್ರೆಯಲ್ಲಿ ಕಂಡೆ.
ಬಾಗಿಲಲ್ಲಿ ನಿಮ್ಮ ಕಾನ್‌ಸ್ಟೇಬಲ್ಲು,
ಅವನ ಬಲಗೈಯ ನಾಲ್ಕು ಬೆರಳಿಗೂ ಬಿಳಿ ಬಟ್ಟೆ.
"ಜಾರಿತು ಆಚಾರ್ರೇ" ಅಂದ.
ಇನ್ನೇನೂ ಅನ್ನಲಿಲ್ಲ.

ಅಲ್ಲಿಂದ ಸೀದಾ ಮ್ಯಾಟ್ನಿಗೆ ಹೋದೆ, ಅದೇ ಪಿಚ್ಚರ್.
ಮೂವತ್ತೊಂದು ಜನ ಬಿದ್ದರು, ಎಣಿಸಿದ್ದೇನೆ.
ಒಬ್ಬನ ಮನೆಯಿಂದಲೂ ಯಾರೂ ಬರಲಿಲ್ಲ.
ಮೂರು ತಾಸಿನಲ್ಲಿ ಯಾರೂ ಸಾಣೆ ಹಿಡಿಯಲಿಲ್ಲ.
ಎಲುಬಿಗೆ ತಾಗಿದರೆ ಕತ್ತಿಯ ಬಾಯಿ ಹೋಗುತ್ತೆ,
ಅಲ್ಲಿ ಹೋಗಲಿಲ್ಲ.
ಅಷ್ಟು ರಕ್ತ, ಒಂದು ಹನಿಗೂ ಜಾರು ಇಲ್ಲ.
ಪಕ್ಕದಲ್ಲೊಂದು ಪುಟ್ಟದು ಅಪ್ಪನ ತೊಡೆಯ ಮೇಲೆ ನಿಂತು
ಪಾಪ್‌ಕಾರ್ನ್ ಪೊಟ್ಟಣ ಸುರುಳಿ ಮಾಡಿ ಬೀಸುತ್ತಿತ್ತು.
ಇಂಟರ್ವಲ್ಲಿಗೆ ಮುಂಚೆ ಎಲ್ಲರೂ ಎದ್ದರು, ಶಿಳ್ಳೆ.
ಸುಳ್ಳೇಕೆ, ನಾನೂ ಎದ್ದೆ.
ಮೈ ಜುಮ್ಮಂತು ಸಾರ್, ಈ ವಯಸ್ಸಲ್ಲಿ.
ಬಲಗೈ ತಾನೇ ಮೇಲೆ ಹೋಗಿತ್ತು.

ತಂಗಿಯ ಅಳಿಯ ಶೂಟಿಂಗಿನ ಸಾಮಾನು ಸಾಗಿಸುವ ಟೆಂಪೋ ಡ್ರೈವರು.
"ಮಾವ, ಅದು ಫೈಬರು, ಎತ್ತಿದರೆ ಹಪ್ಪಳದಂಗೆ.
ಹತ್ತಿರದ ಶಾಟಿಗೆ ಮಾತ್ರ ಅಲ್ಯೂಮಿನಿಯಂ."
ಇಡೀ ಪಿಚ್ಚರಿನಲ್ಲಿ ಎಲ್ಲೂ ಕಬ್ಬಿಣ ಇರಲಿಲ್ಲ ಸಾರ್.
ಲಾರಿಯ ಬ್ಲೇಡು ಕಾಯಿಸಿ ತಟ್ಟಿ
ಕಬ್ಬಿಣ ಹಾಕಿದವನು ನಾನು.

ಇದೆಲ್ಲ ಬೇಡವಾ? ಸರಿ.
ಗುರುತು ಹಿಡಿದಿದ್ದಾರೆ ಅಂತಷ್ಟೇ ಬರೆಯಿರಿ.

ಆದರೆ ಈಗ ಒಳಗೆ ಬರುವಾಗ
ಗೇಟಿನ ಹತ್ತಿರ ಬೈಕಿನ ಮೇಲೆ ಮೂವರು ಕೂತಿದ್ದರು.
ನನ್ನನ್ನು ಕಂಡು ಇಳಿದು ನಿಂತರು, ಮರ್ಯಾದೆಯಿಂದ.
"ಮಾಡಿಕೊಟ್ಟಿದ್ದು ಇವರೇ ಕಣೋ" ಅಂದ ಒಬ್ಬ.
ಇನ್ನೊಬ್ಬ ಜೇಬಿನಿಂದ ಮೊಬೈಲು ತೆಗೆದ.

ಹೆಬ್ಬೆಟ್ಟು ಬೇಡ, ಸಹಿ ಬರುತ್ತೆ.
ಪೆನ್ನು ಕೊಡಿ.