ತೊರೆ ಕಾಣುವ ಮುನ್ನ

ಉತ್ತರ ಲಂಡನ್ನಿನ ಆಸ್ಪತ್ರೆ, ಏಳನೇ ಕೋಣೆ.
ಮೂರು ಕುರ್ಚಿ. ನಡುವಿನದು ನನ್ನದು, ತುಸು ಹಿಂದಕ್ಕೆ;
ದುಭಾಷಿ ಕಣ್ಣಿಗೆ ಬೀಳಬಾರದೆಂಬುದು ನಿಯಮ.

ಫೈಲಿನ ಮೇಲೆ ಹೆಸರು: ದೋಂದು.
ಡಾಕ್ಟರ್ ಆಶ್‌ಬಿ ಮೂರು ಬಗೆಯಲ್ಲಿ ಉಚ್ಚರಿಸಿ ಕ್ಷಮೆ ಕೇಳಿದರು.
ಹಾಗೆಂದರೆ 'ತಿರುಗಿತು' ಅಂತ.
ಐದನೆಯದೂ ಹೆಣ್ಣಾದಾಗ ಎಲ್ಬಿಸ್ತಾನದ ಬಳಿಯ ಹಳ್ಳಿಯಲ್ಲಿ
ಅಪ್ಪ ಇಟ್ಟದ್ದು: ಇನ್ನಾದರೂ ಅದೃಷ್ಟ ತಿರುಗಲಿ, ಗಂಡಾಗಲಿ.
ಯಾರೂ ಕೇಳಲಿಲ್ಲ. ಕೇಳದ್ದನ್ನು ನಾನು ಹೇಳುವಂತಿಲ್ಲ.

ನೋವು ಎಷ್ಟಿದೆ, ಒಂದರಿಂದ ಹತ್ತರೊಳಗೆ?
"ಬೆಂಕಿ ಬಿದ್ದ ಜಾಗವನ್ನೇ ಸುಡೋದು, ಮಗಳೇ."
ಎಂಟು, ಎಂದೆ ಇಂಗ್ಲಿಷಿನಲ್ಲಿ.

ಹೊಸ ಔಷಧಿ ಶುರು ಮಾಡೋಣವೆ?
"ಹಾಲಿಗೆ ಬಾಯಿ ಸುಟ್ಟವಳು ಮೊಸರನ್ನೂ ಊದಿ ಉಣ್ಣುತ್ತಾಳೆ."
ಒಮ್ಮೆ ಕಚ್ಚಿಸಿಕೊಂಡವರಿಗೆ ಎರಡು ಪಟ್ಟು ಅಂಜಿಕೆ, ಎಂದೆ.
ಡಾಕ್ಟರು ತಲೆದೂಗಿದರು. ಎಷ್ಟು ಸಹಜ!
ಮೊಸರು ಎಲ್ಲಿ ಹೋಯಿತು, ಕಚ್ಚಿದ್ದು ಯಾವ ನಾಯಿ,
ಅದು ನನ್ನೊಬ್ಬಳ ಚಿಂತೆ.

ತಾಯಿಗೂ ಇದೇ ಇತ್ತೆ?
"ಪಿಯರ್ ಹಣ್ಣು ಬೀಳೋದು ತನ್ನ ಮರದ ಬುಡಕ್ಕೇ."
ಸೇಬು ಮರದಿಂದ ದೂರ ಬೀಳುವುದಿಲ್ಲ, ಎಂದೆ.
ಕಡಲು ದಾಟುವಾಗ ಹಣ್ಣು ಬದಲಾಗುತ್ತದೆ,
ಅದು ಈ ಕಸುಬಿನ ಸುಂಕದಕಟ್ಟೆ.
ಆದರೆ ಇಪ್ಪತ್ತಾರು ವರ್ಷ ಅಂಗಡಿಯಲ್ಲಿ ತಕ್ಕಡಿ ಹಿಡಿದವಳು ಆಕೆ,
ಹಣ್ಣುಗಳಷ್ಟು ಇಂಗ್ಲಿಷ್ ಬಲ್ಲಳು.
"ಆ್ಯಪಲ್?" ಚಟ್ಟನೆ ನನ್ನತ್ತ ತಿರುಗಿ,
"ನಮ್ಮ ಹಿತ್ತಲಲ್ಲಿ ಸೇಬೇ ಇರಲಿಲ್ಲ!"

ನಾನು ಕೆಮ್ಮಿದೆ. ಡಾಕ್ಟರು ಪರದೆಯತ್ತ ನೋಡಿದರು,
ಬೂದುಬಣ್ಣದ ಚಿತ್ರ, ಅದರಲ್ಲಿ ಬಿಳಿಯ ಚುಕ್ಕೆಗಳು.
ಮುಂದಿನದರ ಮಾತು ಈಗ ಬೇಡ, ಎಂದರು,
ಆ ಸೇತುವೆ ಬಂದಾಗ ದಾಟೋಣ.

ನಮ್ಮಲ್ಲೂ ಒಂದು ಮಾತಿದೆ. ಅದನ್ನೇ ಕೊಟ್ಟೆ:
ತೊರೆ ಕಾಣುವ ಮೊದಲೇ ಶಲ್ವಾರು ಮಡಚಬೇಡ.

ಅವಳ ಊರಿನ ತೊರೆಗೆ ಸೇತುವೆ ಇರಲಿಲ್ಲ.
ಹಿಮ ಕರಗುವ ಏಪ್ರಿಲಿನಲ್ಲಿ
ಒಂದು ಕೈಯಲ್ಲಿ ಶಲ್ವಾರು ಎತ್ತಿ, ಇನ್ನೊಂದರಲ್ಲಿ ಕುರಿಮರಿ ಅವುಚಿ
ದಾಟಿದವಳಿರಬೇಕು; ನನಗೇನು ಗೊತ್ತು,
ನಾನು ಟ್ರಾಮಿನ ಊರಿನವಳು.
ಅವಳು ಬಗ್ಗಿ ಮೊಣಕಾಲು ಮುಟ್ಟಿದಳು.
ಸೊಂಟ ಮುಟ್ಟಿದಳು.
ಎದೆ.
ಕತ್ತಿನ ಬಳಿ ಕೈ ನಿಲ್ಲಿಸಿ, "ತೊರೆ ಎಷ್ಟು ಆಳ, ಕೇಳು."

ನಾನು ಬಾಯಿ ತೆರೆಯುವ ಮೊದಲೇ
ಮೇಜಿನ ಮೇಲಿದ್ದ ಡಾಕ್ಟರ ಕೈ ಎದ್ದಿತು,
ಮೆಲ್ಲಗೆ,
ಅವರ ಗಲ್ಲದ ಬಳಿ ಬಂದು ನಿಂತಿತು.

ಇಬ್ಬರೂ ಹಾಗೇ ಕುಳಿತರು, ಕೈ ಕೆಳಗಿಳಿಸದೆ.
ಆ ನಿಮಿಷದ ಸಂಬಳ ನನಗೆ ಸಲ್ಲಬಾರದಿತ್ತು.

ಹೊರಗೆ ಯಂತ್ರಕ್ಕೆ ನಾಣ್ಯ ಹಾಕಿ ನನಗೂ ಒಂದು ಕಾಫಿ ಹಿಡಿದಳು.
ರೋಗಿಗಳಿಂದ ಏನೂ ಪಡೆಯಕೂಡದು. ಪಡೆದೆ.
"ಒಂದು ಬಟ್ಟಲು ಕಾಫಿಗೆ ನಲವತ್ತು ವರ್ಷದ ದಾಕ್ಷಿಣ್ಯ," ಎಂದಳು.
ಇದನ್ನು ಇಂಗ್ಲಿಷಿಗೆ ತರಲು ಹನ್ನೊಂದು ವರ್ಷದಿಂದ ತಿಣುಕಿದ್ದೇನೆ.
ನೆನಪಲ್ಲ. ಸಾಲವೂ ಅಲ್ಲ.
ಕೃತಜ್ಞತೆ? ಅದು ಬಿಲ್ಲಿನ ಕೆಳಗೆ ಅಚ್ಚಾಗುವ ಮಾತು.
ಕಾರಿಡಾರಿನಲ್ಲಿ ಯಾರಿಗೂ ಅದರ ಅರ್ಥ ಬೇಕಿರಲಿಲ್ಲ;
ಸುಮ್ಮನೆ ಕುಡಿದೆ.
"ನನ್ನ ಪಾಲಿಗೆ ಒಂದು ಚಳಿಗಾಲ ಬರೆದುಕೋ," ಎಂದಳು,
"ಮಿಕ್ಕ ಮೂವತ್ತೊಂಬತ್ತು ನೀನು ತೀರಿಸು."

ಕುಡಿದಾದ ಮೇಲೆ, ಅಭ್ಯಾಸಬಲ,
ಕಾಗದದ ಲೋಟವನ್ನು ಬೋರಲು ಹಾಕಿದಳು.
ಯಂತ್ರದ ಕಾಫಿಯಲ್ಲಿ ಭವಿಷ್ಯ ನೋಡಲು ಚರಟವೆಲ್ಲಿ?
ಎತ್ತಿ ನನ್ನ ಮುಖದ ಮುಂದೆ ಹಿಡಿದಳು:
ಬಿಳಿಯ ತಳ, ಒಂದು ಕಂದು ಉಂಗುರ.

"ಓದು," ಎಂದಳು. "ನಿನ್ನ ಕಸುಬೇ ಅದಲ್ಲವೇ."